ನಡುಗೋಡೆಯ ಕಂಡಿ

ಸಾಲುಕೇರಿ, ಶಿರಸಿ
೨೨ ಮೇ ೧೯೯೭, ಗುರುವಾರ, ಬೆಳಗಿನ ಹತ್ತು ಗಂಟೆ

ಪ್ರೀತಿಯ ಆಯಿಗೆ,

ಮಗ ಮಧುಕೇಶ್ವರನ ನಮಸ್ಕಾರ. ನಿನ್ನ ಮಂಡಿನೋವು ಈಗ ಹೇಗಿದೆ? ಪುಣೆಯ ಮನೆ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ ಎಂದು ನೀನು ಬರೆದಿದ್ದೆ. ಸಣ್ಣಪುಟ್ಟ ಸಾಮಾನಿಗೆಲ್ಲ ನೀನೇ ಇಳಿದು ಹತ್ತಬೇಡ, ಭಾವನ ಹತ್ತಿರ ತರಿಸಿಕೋ. ತಂಗಿ ಪರಿಮಳಾಳ ಸೊಂಟಕ್ಕೆ ಸ್ವಲ್ಪ ಬಲ ಬಂತೇ? ಬಾಣಂತಿ ಕಷಾಯವನ್ನು ಅವಳು ಮುಖ ಸಿಂಡರಿಸದೆ ಕುಡಿಯುತ್ತಾಳೆ ಎಂದು ನೀನು ಬರೆದದ್ದನ್ನು ಮಾತ್ರ ನಾನು ನಂಬುವುದಿಲ್ಲ. ಕೂಸಿಗೆ ಅಭಿಜ್ಞಾ ಎಂಬ ಹೆಸರು ಚೆನ್ನಾಗಿದೆ, ಅದನ್ನೇ ಇಡಿ. ನಿನ್ನ ಎರಡು ಕಾಗದಗಳೂ ಬಂದವು. ಎರಡರಲ್ಲೂ ನಿನ್ನ ಮಗ ಬದುಕಿದ್ದಾನೋ ಇಲ್ಲವೋ ಎಂದು ಕೇಳುವ ಮೊದಲು ಹೆಪ್ಪು ಹೇಗಿದೆ ಎಂದು ಕೇಳಿದ್ದೀಯ. ಹೆಪ್ಪು ಚೆನ್ನಾಗಿದೆ. ಮಾದೇವಕ್ಕ ಅದನ್ನು ತನ್ನ ಮನೆಯ ಹೆಪ್ಪಿನ ಜೊತೆ ಬೆರೆಸದೆ, ಬೇರೆ ಪಾತ್ರೆಯಲ್ಲಿ, ದಿನವೂ ಹಾಲು ಕಾಸಿ ಹಾಕಿ ನೋಡಿಕೊಳ್ಳುತ್ತಿದ್ದಾಳೆ. ಅವಳಿಗೆ ಓದಲು ಬರುವುದಿಲ್ಲವಲ್ಲ, ನಿನ್ನ ಕಾಗದಗಳನ್ನು ನನ್ನಿಂದ ಎರಡೆರಡು ಸಲ ಓದಿಸಿಕೊಂಡಳು. ಹೆಪ್ಪಿನ ಸಾಲು ಬಂದಾಗಲೆಲ್ಲ ನಕ್ಕಳು.

ಆಯಿ, ಇಲ್ಲಿಂದ ಮುಂದೆ ಈ ಕಾಗದವನ್ನು ನೀನೊಬ್ಬಳೇ ಓದು. ಪರಿಮಳಾ ಕೇಳಿದರೆ ಹೊಸ ಮನೆ ಕಟ್ಟುವ ಕೆಲಸ ಚೆನ್ನಾಗಿ ನಡೆಯುತ್ತಿದೆ ಎಂದು ಹೇಳು. ಬಾಣಂತಿಯ ಮುಂದೆ ಹೆದರಿಸುವ ಮಾತು ಆಡಬಾರದು ಎಂದು ನೀನೇ ಹೇಳುವುದು. ಸೋಮವಾರ ಎಸ್‌ಟಿಡಿ ಬೂತಿಗೆ ಹೋಗಿ ಫೋನು ಮಾಡಿದ್ದೆ. ಎತ್ತಿದವಳು ಅವಳೇ. ನಾನು ಎಲ್ಲ ಸರಿಯಾಗಿದೆ, ಬಿಸಿಲು ಜೋರು, ಮಾವಿನಹಣ್ಣು ಬಂದಿದೆ ಎಂದೆಲ್ಲ ಹೇಳಿ ಇಟ್ಟುಬಿಟ್ಟೆ. ಹೊರಗೆ ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು. ನನಗೆ ಹೆದರಿಕೆಯಾಗಿದೆ ಆಯಿ. ಚಿಕ್ಕಂದಿನಲ್ಲಿ ಕತ್ತಲ ಅಡುಗೆಮನೆಗೆ ನೀರು ಕುಡಿಯಲು ಹೋಗುವಾಗ ಆಗುತ್ತಿತ್ತಲ್ಲ, ಅಂಥ ಹೆದರಿಕೆ. ಆಗ ನಡುಗೋಡೆಯ ಕಂಡಿಯಿಂದ ಆಚೆಮನೆಯ ಮಾದೇವಕ್ಕ ಏನಾದರೂ ಮಾತಾಡುತ್ತ ಇರುತ್ತಿದ್ದಳು, ನಾನು ಆ ದನಿ ಹಿಡಿದುಕೊಂಡು ಹೋಗಿ ಕುಡಿದು ಬರುತ್ತಿದ್ದೆ. ಈಗ ಹೆದರಿಕೆ ಇರುವುದು ಆ ಗೋಡೆಯದೇ.

ಮೊದಲಿನಿಂದ ಹೇಳುತ್ತೇನೆ, ಇಲ್ಲವಾದರೆ ನಾನು ಎಲ್ಲಿ ತಪ್ಪಿದೆ ಎಂದು ನಿನಗೆ ತಿಳಿಯುವುದಿಲ್ಲ. ಜಪಾನಿನ ಕ್ಯೋಟೋದಲ್ಲಿ ನಾನು ಒಂದೂವರೆ ವರ್ಷ ಮನೆ ನಕ್ಷೆಯ ಕೆಲಸ ಕಲಿತ ಕಚೇರಿಯ ಯಜಮಾನರು ಹಳೆಯ ಬೀದಿಗಳಲ್ಲಿ ಹೊಸ ಮನೆ ಕಟ್ಟುವುದರಲ್ಲಿ ಹೆಸರಾದವರು. ಹೊಸ ಮನೆ ಬಂದದ್ದು ಬೀದಿಗೆ ಗೊತ್ತಾಗಬಾರದು ಎನ್ನುವುದು ಅವರ ಪಾಠ. ಒಂದು ಗೆರೆ ಎಳೆಯುವ ಮೊದಲು ಆ ಬೀದಿಯಲ್ಲಿ ಮೂವತ್ತು ದಿನ ನಡೆಸುತ್ತಿದ್ದರು. ಊರಿಗೆ ಬಂದ ಮೇಲೆ ನಾನೂ ನಮ್ಮ ಸಾಲುಕೇರಿಯಲ್ಲಿ ಹುಚ್ಚನ ಹಾಗೆ ಮೂವತ್ತು ದಿನ ಅತ್ತಿಂದಿತ್ತ ನಡೆದದ್ದು ನಿನಗೆ ನೆನಪಿರಬೇಕು. ಕೆಲಸ ಸಿಗಲಿಲ್ಲವೇ ಎಂದು ಜನ ನಿನ್ನನ್ನು ಕೇಳಿದ್ದರು. ಒಂದೇ ಹೆಂಚಿನ ಮಾಡಿನ ಕೆಳಗೆ ಒಂಬತ್ತು ಮನೆ, ಒಂಬತ್ತು ಜಗುಲಿ, ಒಂದೇ ಎತ್ತರದ ಸೂರು. ಒಂದು ದಾರ ಹಿಡಿದರೆ ಈ ತುದಿಯಿಂದ ಆ ತುದಿಯವರೆಗೆ ಒಂದು ಬೆರಳೂ ತಪ್ಪುವುದಿಲ್ಲ. ನಾನು ಬರೆದ ಮನೆ ಆ ದಾರಕ್ಕೆ ಸರಿಯಾಗಿತ್ತು. ಬೀದಿಗೆ ಮರದ ಸರಳುಗಳ ಮುಖ, ಹಳೆಯದೇ ಜಗುಲಿ, ಹಳೆಯದೇ ಹೆಂಚು. ಒಳಗೆ ಹೋದರೆ ಮಾತ್ರ ಜಪಾನಿನ ಹೊಸ ಮನೆ: ಕಲ್ಲಿನ ಮೇಲೆ ನಿಂತ ಮರದ ಕಂಬಗಳು, ಎಲ್ಲಿಯೂ ಒಂದು ಮೊಳೆ ಇಲ್ಲ, ಸರಿಸುವ ಬಾಗಿಲುಗಳು, ಕೋಣೆಯ ಉದ್ದಕ್ಕೂ ಗಾಜು. ಬಾಗಿಲುಗಳಿಗೆ ಅವರ ಹಾಗೆ ಕಾಗದ ಅಂಟಿಸಿದರೆ ನಮ್ಮ ಆಷಾಢಕ್ಕೆ ಬೂಸಲು ಹಿಡಿಯುತ್ತದೆ ಎಂದು ಗಂಜಿ ಹಾಕಿದ ಖಾದಿ ಬಟ್ಟೆ ಯೋಚಿಸಿದ್ದೆ. ನಿನ್ನ ಒರಳಿಗೆ ಜಾಗ ಬೇಕು ಎಂದಿದ್ದೆಯಲ್ಲ, ಅದೂ ಇತ್ತು. ಮಾದೇವಕ್ಕನ ಮನೆಗೂ ನಮಗೂ ನಡುವಿನ ಗೋಡೆಯಿಂದ ಎರಡು ಮೊಳ ಜಾಗ ಬಿಟ್ಟು ಮನೆಯನ್ನು ಈಚೆ ಸರಿಸಿದ್ದೆ. ಆ ಸಂದಿಗೆ ಮೇಲಿಂದ ಬೆಳಕು ಬೀಳಬೇಕು, ಕೆಳಗೆ ಕಲ್ಲಿನ ನಡುವೆ ಹಸಿರು ಪಾಚಿ ಬೆಳೆಯಬೇಕು. ಆ ಎರಡು ಮೊಳವೇ ನನ್ನ ಹೆಮ್ಮೆಯಾಗಿತ್ತು.

ಕೇರಿಯವರು ನಕ್ಷೆ ನೋಡಿ ಒಪ್ಪಿದರು. ಸೂರು ಏರಿಸುವುದಿಲ್ಲ ತಾನೇ ಎಂದಷ್ಟೇ ಕೇಳಿದರು. ಜಪಾನಿನ ಪದ್ಧತಿಯಂತೆ, ಕೆಲಸ ಶುರುವಾಗುವ ಮೊದಲು ಗದ್ದಲವನ್ನು ಸಹಿಸಿಕೊಳ್ಳಿ ಎಂದು ಕೇಳಿಕೊಳ್ಳುವುದಕ್ಕೆ ನಾನು ಎಂಟು ಮನೆಗೂ ಒಂದೊಂದು ಟುವಾಲು ಕೊಟ್ಟು ಬಂದೆ. ಎಲ್ಲರಿಗೂ ಗಲಿಬಿಲಿಯಾಯಿತು. ಮಾದೇವಕ್ಕ ಟುವಾಲನ್ನು ತಿರುಗಿಸಿ ಮುರುಗಿಸಿ ನೋಡಿ, “ಎಂತ ತಪ್ಪು ಮಾಡಲೆ ಹೊಂಟಿದ್ಯ ತಮ?” ಎಂದು ಕೇಳಿದಳು. ಪಾಚಿಯ ವಿಷಯ ಹೇಳಿದಾಗಂತೂ ಅವಳ ಮನೆಯಲ್ಲಿ ಹಪ್ಪಳ ಲಟ್ಟಿಸುತ್ತಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಊರಿಗೆ ಊರೇ ಜಾರಿ ಬೀಳಬಾರದೆಂದು ಪಾಚಿ ಕೆರೆದು ತೆಗೆಯುತ್ತದೆ, ಇವನು ಬೆಳೆಸುತ್ತಾನಂತೆ ಎಂದು. ಆದರೆ ನಕ್ಷೆಯನ್ನು ಮಣೆಯ ಮೇಲೆ ಹರಡಿದಾಗ ಮಾದೇವಕ್ಕ ನಗಲಿಲ್ಲ. ಗೋಡೆಯ ಗೆರೆಯ ಮೇಲೆ ಬೆರಳಾಡಿಸಿ, “ಕಂಡಿ ಎಲ್ಲಿದ್ದು?” ಎಂದಳು. ಕಂಡಿ ಗೋಡೆಯಲ್ಲೇ ಇರುತ್ತದೆ, ನಮ್ಮ ಮನೆ ಮಾತ್ರ ಎರಡು ಮೊಳ ದೂರ ಸರಿಯುತ್ತದೆ ಎಂದೆ. ಹಾಗಾದರೆ ಮನೆ ಬಿಚ್ಚುವಾಗ ನನ್ನಲ್ಲಿಗೆ ಬರುವ ನಿಮ್ಮ ದೇವರು ವಾಪಸು ಹೋಗುವುದು ಹೇಗೆ ಎಂದು ಕೇಳಿದಳು. ಎದುರು ಬಾಗಿಲಿನಿಂದ, ಮೆರವಣಿಗೆಯಲ್ಲಿ ಎಂದು ತಮಾಷೆ ಮಾಡಿದೆ. ಅವಳು ಹಿಟ್ಟಿನ ಉಂಡೆ ಕೈಗೆತ್ತಿಕೊಂಡು ಲಟ್ಟಿಸತೊಡಗಿದಳು. ನನಗೆ ಅಲ್ಲೇ ತಿಳಿಯಬೇಕಿತ್ತು.

ನೀನು ಹೊರಡುವ ಹಿಂದಿನ ದಿನ ನಡೆದದ್ದನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಆದರೂ ದಿನಕ್ಕೆ ಹತ್ತು ಸಲ ಅದೇ ಕಣ್ಣಮುಂದೆ ಬರುತ್ತದೆ. ಮನೆ ಬಿಚ್ಚುವಾಗ ದೇವರನ್ನು ಆಚೆಮನೆಯಲ್ಲಿ ಇಡುವುದು, ಬಯಲು ಆಕಾಶ ಕಾಣಿಸದ ಹಾಗೆ ಕಂಡಿಯಿಂದಲೇ ದಾಟಿಸುವುದು, ಹೆಂಗಸಿನ ಕೈಯಿಂದ ಹೆಂಗಸಿನ ಕೈಗೆ. ನೀನು ಈಚೆ ನಿಂತು ಸಾಲಿಗ್ರಾಮದ ಪೆಟ್ಟಿಗೆ, ಗಣಪತಿ, ದೀಪದ ಕಂಬ ಒಂದೊಂದಾಗಿ ಕೊಟ್ಟೆ. ಕೊನೆಗೆ ಹೆಪ್ಪಿನ ಪಾತ್ರೆ ಕೊಟ್ಟೆ. ನಾನು ಬಂದು ಕೇಳುವವರೆಗೆ ದೇವರನ್ನು ಇಲ್ಲಿಂದ ಅಲ್ಲಾಡಿಸಬೇಡ ಎಂದು ನೀನು ಅವಳಿಗೆ ಹೇಳಿದೆ. ಮಾದೇವಕ್ಕ ಹೂಂ ಎಂದಳು. ಕಂಡಿಯ ಬುಡದಲ್ಲೇ ಮಣೆ ಹಾಕಿ ಇಟ್ಟುಕೊಂಡಳು. ನಾನು ದಿನವೂ ಮಿಂದು ಹೋಗಿ ಹೂ ನೀರು ಹಾಕಿ ಬರುತ್ತೇನೆ, ಸಂಜೆಯ ದೀಪ ಅವಳದು. ಬೇರೆ ಮನೆಯ ದೇವರನ್ನು ಒಂಟಿಯಾಗಿ ಬಿಡಬಾರದು ಎಂದು ಆವತ್ತಿನಿಂದ ಅವಳು ಚಾಪೆಯನ್ನೂ ಆ ಕೋಣೆಗೇ ತಂದುಕೊಂಡಿದ್ದಾಳೆ. ಹಗಲು ಹಪ್ಪಳದ ಮಣೆಯೂ ಅಲ್ಲೇ.

ಯುಗಾದಿ ಕಳೆದು ಮನೆ ಬಿಚ್ಚಿದೆವು. ಸಿದ್ದಾಪುರದ ಬಡಗಿ ಸೋಮಾಚಾರಿ ತನ್ನ ಜನರ ಜೊತೆ ಬಂದಿದ್ದ. ನನ್ನ ಕಂಬ ಕಲ್ಲುಗಳ ನಕ್ಷೆ ನೋಡಿ, ಇದರಲ್ಲಿ ಜಪಾನು ಎಲ್ಲಿದೆ, ನಮ್ಮ ಅಜ್ಜ ಮಾಡುತ್ತಿದ್ದದ್ದೂ ಇದೇ ಎಂದು ನನ್ನ ಅರ್ಧ ಗರ್ವ ಇಳಿಸಿದ. ಮಣ್ಣಿನ ಕೆಲಸಕ್ಕೆ ಹೊನ್ನ ಬಂದಿದ್ದ. ನಮ್ಮದು ಸಾಲಿನ ಕೊನೆಯ ಮನೆಯಲ್ಲವೇ, ಆಚೆ ತುದಿಯ ದಪ್ಪನೆಯ ಚಿರೆಕಲ್ಲಿನ ಗೋಡೆಯನ್ನು ಬೀಳಿಸುವ ದಿನ ಹೊನ್ನ ಹಾರೆ ಹಿಡಿದು ನಿಂತವನು ನಿಂತೇ ಇದ್ದ. ನಡುಗೋಡೆಯನ್ನು ತೋರಿಸಿ, “ಹೆಗಡೇರೆ, ಈ ಗ್ವಾಡೆ ಮಳೆ ಕಂಡದ್ದಲ್ಲ” ಎಂದ. ಎರಡೂ ಮುಖ ಮನೆಯ ಒಳಗೇ ಇದ್ದ ಬರಿಯ ಮಣ್ಣಿನ ಗೋಡೆ ಅದು. ಪ್ರತಿ ವರ್ಷ ದೀಪಾವಳಿಗೆ ನೀನು ಈಚೆಯಿಂದ, ಮಾದೇವಕ್ಕ ಆಚೆಯಿಂದ ಒಂದೇ ದಿನ ಕೆಮ್ಮಣ್ಣು ಸಾರಿಸಿದ್ದು ಬಿಟ್ಟರೆ ಅದಕ್ಕೆ ಬೇರೆ ನೀರು ತಾಗಿಲ್ಲ. ಮಳೆಗೆ ಮರೆಯಾಗಿ ಅಡಿಕೆ ಸೋಗೆಯ ತಟ್ಟಿ ಕಟ್ಟಿಕೊಡುತ್ತೇನೆ, ಅಡಿಕೆ ಮರದ ಕಂಬಗಳ ಆಸರೆ ಕೊಟ್ಟು ಆಮೇಲೆ ತೊಲೆ ಬಿಚ್ಚೋಣ ಎಂದು ಹೊನ್ನ ಎರಡು ಸಲ ಹೇಳಿದ. ಒಂದು ತಿಂಗಳಲ್ಲಿ ನಮ್ಮ ಮಾಡು ಏರುತ್ತದೆ, ಅಷ್ಟಕ್ಕೆ ಯಾಕೆ ಎಂದು ನಾನು ನೀಲಿ ಪ್ಲಾಸ್ಟಿಕ್ ತರಿಸಿ ಹೊದಿಸಿದೆ. ಕ್ಯೋಟೋದಲ್ಲಿ ನೀಲಿ ತಾಡಪಾಲು ಹೊದಿಸುವುದನ್ನು ಕಂಡಿದ್ದೆನಲ್ಲ. ಅಲ್ಲಿಯ ಮನೆಗಳ ನಡುವೆ ಕೈ ತೂರಿಸಲು ಜಾಗವಿರುವುದಿಲ್ಲ, ಆದರೂ ಪ್ರತಿ ಮನೆಗೂ ತನ್ನದೇ ಗೋಡೆ, ತನ್ನದೇ ಕಂಬ ಇರುತ್ತದೆ. ಒಂದನ್ನು ಬಿಚ್ಚಿದರೆ ಇನ್ನೊಂದು ತನ್ನ ಪಾಡಿಗೆ ನಿಂತಿರುತ್ತದೆ. ನಾನು ಮೂವತ್ತು ದಿನ ನಮ್ಮ ಕೇರಿಯಲ್ಲಿ ನಡೆದು ಸೂರು ಅಳೆದೆ, ಜಗುಲಿ ಅಳೆದೆ, ಸರಳುಗಳ ನಡುವಿನ ಸಂದು ಅಳೆದೆ. ಮಾದೇವಕ್ಕನ ಮನೆಯ ಮಾಡು ಯಾವುದರ ಮೇಲೆ ಕೂತಿದೆ ಎಂದು ಒಳಗೆ ಹೋಗಿ ತಲೆಯೆತ್ತಿ ನೋಡಲಿಲ್ಲ. ಮೇಲಾಗಿ, ಪಾಚಿಯ ಸಂದಿಯ ನೀರು ಹರಿದು ಹೋಗಲಿ ಎಂದು ಆ ಗೋಡೆಯ ಬುಡದಲ್ಲೇ ಉದ್ದಕ್ಕೂ ಮೂರು ಅಡಿ ಆಳದ ಕಾಲುವೆ ತೋಡಿಸಿದೆ.

ಹದಿನಾಲ್ಕನೇ ತಾರೀಖು ಮಧ್ಯಾಹ್ನ ಮೊದಲ ಮಳೆ ಬಂತು. ಗಾಳಿ ಪ್ಲಾಸ್ಟಿಕ್ಕನ್ನು ಹೊತ್ತುಕೊಂಡು ಹೋಗಿ ಬಾವಿಕಟ್ಟೆಯ ಮೇಲೆ ಎಸೆಯಿತು. ಮರುದಿನ ಬೆಳಿಗ್ಗೆ ಗೋಡೆಯ ಬಣ್ಣ ಕಪ್ಪಾಗಿತ್ತು, ಮುಟ್ಟಿದರೆ ಬೆರಳಿಗೆ ಮಣ್ಣು ಬಂತು. ಸೋಮಾಚಾರಿ ಗೋಡೆಯ ತಲೆಯಿಂದ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟ. ಬುಡದಲ್ಲಿ ಗೋಡೆಗೂ ದಾರಕ್ಕೂ ಒಂದು ಬೆರಳಿನ ಅಂತರ. ಗೋಡೆ ನಮ್ಮ ಕಡೆಗೆ ವಾಲಿತ್ತು. ಇಷ್ಟು ವರ್ಷ ನಮ್ಮ ತೊಲೆಗಳು ಈಚೆಯಿಂದ, ಅವಳ ತೊಲೆಗಳು ಆಚೆಯಿಂದ ಒತ್ತಿಕೊಂಡು ಆ ಗೋಡೆಯನ್ನು ನೆಟ್ಟಗೆ ಇಟ್ಟಿದ್ದವು. ನಮ್ಮವು ಹೋದ ಮೇಲೆ ಅವಳ ಮಾಡು ಅದನ್ನು ಹೊರಗೆ ನೂಕುತ್ತಿದೆ. ಅವಳದೊಂದೇ ಅಲ್ಲ. ತುದಿಯ ಚಿರೆಕಲ್ಲಿನ ಗೋಡೆ ಇಡೀ ಸಾಲನ್ನು ತಡೆದು ನಿಂತಿತ್ತು ಎಂದು ಸೋಮಾಚಾರಿ ಈಗ ಹೇಳುತ್ತಾನೆ. ಆವತ್ತಿನಿಂದ ನಾನು ದಿನಕ್ಕೆ ಮೂರು ಸಲ ಗುಂಡು ಇಳಿಬಿಡುತ್ತೇನೆ. ಶನಿವಾರ ಎರಡು ಬೆರಳು. ಮಂಗಳವಾರ ಮೂರು. ಈ ದಿನ ಬೆಳಿಗ್ಗೆ ನಾಲ್ಕು. ಸೋಗೆ ತಟ್ಟಿ ಕಟ್ಟಿದ್ದಾಗಿದೆ, ಅಡಿಕೆ ಕಂಬಗಳನ್ನೂ ಓರೆಯಾಗಿ ಕೊಟ್ಟಿದ್ದಾಗಿದೆ. ಆದರೆ ನಾನು ತೋಡಿಸಿದ ಕಾಲುವೆಯನ್ನು ತುಂಬಿಸಿದ ಮಣ್ಣು ಹಸಿ, ಕಂಬದ ಬುಡ ಅದರಲ್ಲಿ ಕುಸಿಯುತ್ತದೆ. ರೋಹಿಣಿ ಮಳೆ ಹುಟ್ಟಲು ಮೂರು ದಿನ ಉಳಿದಿದೆ. ಊಟಕ್ಕೆ ಕೂತರೂ ಕಿವಿ ಮಾಡಿನ ಕಡೆಗೇ. ಎಲ್ಲಿಯಾದರೂ ಹೆಂಚು ಸದ್ದಾದರೆ ಎದ್ದು ಓಡುತ್ತೇನೆ. ಚಂದಗುಳಿಯ ಗಣಪತಿಗೆ ಒಂದು ಗಂಟೆ ಕಟ್ಟುತ್ತೇನೆ ಎಂದು ಹರಕೆ ಹೊತ್ತೆ, ಆಮೇಲೆ ಒಂದು ಸಾಲದೇನೋ ಎಂದು ಇನ್ನೊಂದು ಹೊತ್ತೆ.

ಉಳಿದ ಏಳು ಮನೆಯವರು ಬೈದರೂ ಗೋಡೆಯ ಹತ್ತಿರ ಸುಳಿಯಬೇಡಿ ಎಂಬ ನನ್ನ ಮಾತು ಕೇಳಿದ್ದಾರೆ. ಹಪ್ಪಳದ ಹೆಂಗಸರು ಈಗ ಒಳಗೆ ಬರುವುದಿಲ್ಲ, ಜಗುಲಿಯಲ್ಲೇ ಲಟ್ಟಿಸುತ್ತಾರೆ. ದೇವರಿರುವ ಆ ಕೋಣೆಯಲ್ಲಿ ಕೂತಿರುವವಳು ಮಾದೇವಕ್ಕ ಒಬ್ಬಳೇ. ಯಲ್ಲಾಪುರದಿಂದ ಅವಳ ಮಗ ಸಂದೇಶ ಭಾನುವಾರ ಬಂದಿದ್ದ. ಮಕ್ಕಳ ಶಾಲೆಗೆ ರಜೆ, ನಮ್ಮ ಜೊತೆ ಬಂದು ಇರು ಎಂದು ಕೈಹಿಡಿದು ಎಳೆದ. ಬರಲಿಲ್ಲ. ಪಕ್ಕದ ಮನೆಗಾದರೂ ನಡೆ ಎಂದೆ. ಅದೂ ಇಲ್ಲ. ದೇವರನ್ನು ನಾನೇ ಎತ್ತಿಕೊಂಡು ಹೋಗುತ್ತೇನೆ ಎಂದು ಕೈ ಚಾಚಿದಾಗ ಮಾತ್ರ ಅವಳ ಮುಖ ಗಟ್ಟಿಯಾಯಿತು. “ಕೊಟ್ಟ ಕೈ ಬಂದು ಕೇಳವು. ಅಲ್ಲೀವರೆಗೆ ಆನು ಇಲ್ಲಿಂದ ಏಳ್ತ್ನಿಲ್ಲೆ” ಎಂದಳು. ಗೋಡೆ ಬಿದ್ದರೆ ಎಂದು ಕೇಳಿದೆ. ದೇವರ ಜೊತೆ ಕೂತವಳನ್ನು ನೀನು ಹೆದರಿಸುತ್ತೀಯಾ ಎಂದು ನಕ್ಕು ಒಂದು ಲೋಟ ಕಷಾಯ ಕೊಟ್ಟಳು. ಅವಳ ಬೆನ್ನ ಹಿಂದೆಯೇ ಆ ಗೋಡೆ. ಕೆಮ್ಮಣ್ಣಿನಲ್ಲಿ ಅವಳ ಕೈಬೆರಳಿನ ಗುರುತುಗಳು, ಅವುಗಳ ನಡುವೆ ಕಂಡಿಯ ಮೂಲೆಯಿಂದ ಒಂದು ಬಿರುಕು ಕೆಳಗಿಳಿದಿತ್ತು. ನಾನು ಕಷಾಯ ಕುಡಿಯುತ್ತ ಆ ಬಿರುಕನ್ನೇ ನೋಡುತ್ತಿದ್ದೆ. ಅವಳಿಗೆ ಏನಾದರೂ ಆದರೆ ನಾನು ನಿನ್ನ ಮುಖ ನೋಡುವುದು ಹೇಗೆ? ನಲವತ್ತು ವರ್ಷ ನೀವಿಬ್ಬರೂ ಒಲೆಯ ಕೆಂಡದಿಂದ ಹಿಡಿದು ಹೆರಿಗೆಯ ಬಿಸಿನೀರಿನವರೆಗೆ ಆ ಕಂಡಿಯಲ್ಲಿ ದಾಟಿಸಿದ್ದೀರಿ. ನಾನು ಅದನ್ನು ಪಾಚಿ ಬೆಳೆಸುವ ಸಂದಿಗೆ ಬಿಟ್ಟಿದ್ದೆ.

ಹಾದಿ ಒಂದು ಇದೆ. ನಾನು ನಕ್ಷೆ ಬದಲಿಸಿದ್ದೇನೆ. ಸಂದಿ ಇಲ್ಲ, ಪಾಚಿ ಇಲ್ಲ. ಹೊಸ ಮನೆಯ ಕಂಬಗಳು ನಡುಗೋಡೆಗೆ ತಾಗಿಕೊಂಡು ನಿಲ್ಲುತ್ತವೆ, ಅವುಗಳ ತೊಲೆಗಳು ಮೊದಲಿನ ಹಾಗೆ ಗೋಡೆಯೊಳಗೆ ಹೋಗಿ ಅವಳ ಮಾಡನ್ನು ಹೊರುತ್ತವೆ. ಕಂಡಿ ಇದ್ದಲ್ಲೇ ಇರುತ್ತದೆ, ನಿನ್ನ ಒಲೆಯ ಎದುರಿಗೆ. ಅದರ ನೇರಕ್ಕೆ ನಮ್ಮ ಗಾಜಿನ ಬಾಗಿಲು ಸರಿಯುತ್ತದೆ. ಸೋಮಾಚಾರಿ ಮರ ಕೊಯ್ದು ಇಟ್ಟಿದ್ದಾನೆ, ನಾಲ್ಕು ದಿನ ಕೊಡಿ ಎನ್ನುತ್ತಾನೆ. ಆದರೆ ತೊಲೆ ತೂರಿಸಲು ಅವಳ ಮಾಡನ್ನು ಒಂದು ಗೇಣು ಎತ್ತಬೇಕು. ಕೆಳಗೆ ಮನುಷ್ಯರು ಇರುವಾಗ ನಾನು ಕೈಹಚ್ಚುವುದಿಲ್ಲ ಎಂದು ಅವನು ಖಂಡಿತವಾಗಿ ಹೇಳಿದ್ದಾನೆ. ಅವನು ಹೇಳುವುದು ಸರಿ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಪರಿಮಳಾಳನ್ನು ಬಿಟ್ಟು ನೀನು ಈಗ ಬರುವುದು ಆಗದು. ಮಾದೇವಕ್ಕ ಫೋನಿನಲ್ಲಿ ಮಾತಾಡುವವಳಲ್ಲ, ಡಬ್ಬಿಯಲ್ಲಿ ಬಂದದ್ದು ಯಾರ ದನಿಯೋ ಎಂದು ನಂಬುವುದಿಲ್ಲ. ನಿನ್ನ ಕಾಗದವನ್ನು ನಂಬುತ್ತಾಳೆ. ದೇವರನ್ನು ಮಧುವಿನ ಕೈಗೆ ಕೊಡು, ಅವನ ಕೈ ಎಂದರೆ ನನ್ನ ಕೈ ಎಂದು ಎರಡು ಸಾಲು ಅವಳ ಹೆಸರಿಗೆ ಬರೆದು ತಕ್ಷಣ ಟಪಾಲಿಗೆ ಹಾಕು. ನನ್ನನ್ನು ಬೈಯುವುದಿದ್ದರೆ ಬೇರೆ ಹಾಳೆಯಲ್ಲಿ ಬೈ. ನಿನ್ನ ಉತ್ತರ ಬರಲು ಎಂಟು ದಿನವಾಗುತ್ತದೆ ಎಂದು ಲೆಕ್ಕ ಹಾಕಿದ್ದೇನೆ. ಅಲ್ಲಿಯವರೆಗೆ ಗೋಡೆ ನಿಲ್ಲಲಿ ಎಂದು ನೀನೂ ಬೇಡಿಕೋ.

ಭಾವನಿಗೆ ನಮಸ್ಕಾರ, ಪರಿಮಳಾಳಿಗೆ ನೆನಪು, ಅಭಿಜ್ಞಾಳ ಕಿವಿಯಲ್ಲಿ ಮಾವ ಧೈರ್ಯವಂತ ಎಂದು ಹೇಳು, ಅವಳಾದರೂ ನಂಬಲಿ.

ನಿನ್ನ ಪುಕ್ಕಲು ಮಗ,
ಮಧು

ತಾ. ಕ. ಸಂಜೆ ನಾಲ್ಕೂವರೆ. ಐದಕ್ಕೆ ಟಪಾಲು ಹೋಗುತ್ತದೆ, ಗೀಚಿದ್ದನ್ನು ಹೇಗಾದರೂ ಓದಿಕೋ. ಮಾದೇವಕ್ಕ ಕ್ಷೇಮ, ಮೊದಲು ಅದನ್ನು ಹೇಳಿಬಿಡುತ್ತೇನೆ. ಒಂದು ಗಂಟೆಗೆ ಗಾಳಿ ಎದ್ದು ಅರ್ಧ ಗಂಟೆ ಮಳೆ ಹೊಡೆಯಿತು. ಗುಂಡು ಇಳಿಬಿಟ್ಟರೆ ಆರು ಬೆರಳು. ಹೊನ್ನ ನನ್ನ ಮುಖ ನೋಡಿ ಹಾರೆ ಕೆಳಗಿಟ್ಟ. ನಾನು ಮಾದೇವಕ್ಕನ ಕೋಣೆಗೆ ಹೋಗಿ ಎದುರಿಗೆ ಕೂತು, ಜೇಬಿನಲ್ಲಿದ್ದ ಮಡಿಸಿದ ಹಾಳೆ ತೆಗೆದು, ಆಯಿಯ ಕಾಗದ ಬಂದಿದೆ ಎಂದೆ. ಅದು ಮನೆಯ ಹಳೆಯ ನಕ್ಷೆ ಆಯಿ, ಬೀದಿಗೆ ಒಪ್ಪುತ್ತದೆ ಎಂದು ಎಲ್ಲರಿಗೂ ತೋರಿಸಿದ್ದ ಅದೇ ಮುಖದ ನಕ್ಷೆ. ಅದರ ಬಿಳಿಯ ಬೆನ್ನನ್ನು ನೋಡುತ್ತ ನಿನ್ನ ಮಾತನ್ನು ನಾನೇ ಓದಿದೆ. ದೇವರನ್ನು ಮಧುವಿನ ಕೈಗೆ ಕೊಡು, ಅವನ ಕೈ ಎಂದರೆ ನನ್ನ ಕೈ ಎಂದು. ಸಾಲಿಗ್ರಾಮದ ಮುಂದೆ ಕೂತು ಸುಳ್ಳು ಹೇಳಿದೆ. ನಡುವೆ ಹೆಂಚು ಸದ್ದಾದಾಗ ಓದುವುದನ್ನು ಬಿಟ್ಟು ಮೇಲೆ ನೋಡಿದೆ. ಮತ್ತೊಮ್ಮೆ ಮೊದಲಿನಿಂದ ಓದು ಎಂದಳು. ಓದಿದೆ. “ಹೆಪ್ಪು ಕೇಳ್ದೆ ನಿನ್ನ ಆಯಿ ದೇವರ ಕೇಳ್ತಿಲ್ಲೆ ತಮ” ಎಂದಳು. ನಾನು ಹಾಳೆಯನ್ನು ಮತ್ತೆ ಮಡಿಸಿದೆ. ಆಮೇಲೆ ಲಟ್ಟಣಿಗೆ ಕೆಳಗಿಟ್ಟು, “ನೀ ಇಷ್ಟು ಹೆದ್ರಿದ್ಯಲ, ಅದಕ್ಕೆ ಏಳ್ತೆ” ಎಂದಳು.

ಆದರೆ ದೇವರು ಬಂದ ದಾರಿಯಲ್ಲೇ ಹೋಗಬೇಕು ಎಂದಳು. ನಾನು ಸುತ್ತಿ ಬಂದು ನಮ್ಮ ಕಡೆ, ವಾಲಿದ ಗೋಡೆಯ ಕೆಳಗೆ, ಹಸಿ ಮಣ್ಣಿನಲ್ಲಿ ಕಂಡಿಗೆ ಕೈ ಚಾಚಿ ನಿಂತೆ. ದೇವರಿಗೆ ಆಕಾಶ ಕಾಣದ ಹಾಗೆ ಸೋಮಾಚಾರಿ ಕೊಡೆ ಹಿಡಿದ. ಓಡಿಹೋಗಬೇಕು ಎನ್ನಿಸುತ್ತಿತ್ತು. ಅವಳು ಆಚೆಯಿಂದ ಮಾತಾಡುತ್ತಲೇ ಇದ್ದಳು. ಇದು ಗಣಪತಿ, ಭಾರ ಇದ್ದು, ಎರಡು ಕೈಲಿ ಹಿಡಿ, ಇದು ದೀಪದ ಕಂಬ, ಎಣ್ಣೆ ಇದ್ದು ಎಂದು. ಆ ದನಿ ಹಿಡಿದುಕೊಂಡು ನಿಂತೆ. ಎಲ್ಲಕ್ಕಿಂತ ಮೊದಲು ದಾಟಿಸಿದ್ದು ಹೆಪ್ಪಿನ ಪಾತ್ರೆ. ದೇವರು ಈಗ ನಮ್ಮ ಜಾಗದಲ್ಲಿ, ಆಚಾರಿಯ ಶೆಡ್ಡಿನಲ್ಲಿ, ಹೊಸ ಹಲಗೆಯ ಮೇಲೆ ಇದ್ದಾರೆ. ಮೂರೂವರೆಗೆ ಕಂಡಿಯ ಮೇಲಿನ ಗೋಡೆ ನಮ್ಮ ಕಡೆಗೆ ಬಿತ್ತು. ಮಾದೇವಕ್ಕ ಕೂರುತ್ತಿದ್ದ ಮಣೆಯ ಮೇಲೆ ಮಾಡಿನ ಮರದ ಎರಡು ಪಕಾಸು, ಒಂದು ರಾಶಿ ಹೆಂಚು. ಲಟ್ಟಣಿಗೆ ಎರಡು ತುಂಡಾಗಿದೆ. ಏಳು ಮನೆ ನಿಂತಿವೆ. ಸೋಮಾಚಾರಿ ಈಗ ಮಾಡಿಗೆ ಕಂಬ ಕೊಡುತ್ತಿದ್ದಾನೆ, ಮಾದೇವಕ್ಕ ಜಗುಲಿಯಲ್ಲಿ ಕೂತು ಅವನಿಗೆ ಹೇಗೆ ಕೊಡಬೇಕೆಂದು ಹೇಳಿಕೊಡುತ್ತಿದ್ದಾಳೆ.

ಆಯಿ, ಆ ಹಾಳೆಯನ್ನು ಅವಳು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಿದ್ದಾಳೆ. ಸಂದೇಶ ಒಂದನೇ ತಾರೀಖು ಭಾನುವಾರ ಬರುತ್ತಾನೆ. ನೀನು ಕೇಳಿದ್ದೀಯೆಂದೇ ಮಾದೇವಕ್ಕ ಎದ್ದಳು ಎಂದು ಕೇರಿಯವರೆಲ್ಲ ತಿಳಿದಿದ್ದಾರೆ, ಅವನು ಕಾಗದ ತೋರಿಸು ಎನ್ನದೆ ಇರುವುದಿಲ್ಲ. ಅದರಲ್ಲಿ ಅಕ್ಷರವಿಲ್ಲ. ಕೊಟ್ಟ ಕೈ ಕೇಳದೆ ದೇವರನ್ನು ಬಿಟ್ಟೆದ್ದವಳು ಎಂಬ ಮಾತು ಅವಳ ತಲೆಗೆ ಬರಬಾರದು, ಸುಳ್ಳು ನನ್ನದು. ನಾನು ಓದಿದ ಕಾಗದವನ್ನು ನೀನು ನಿಜವಾಗಿ ಬರೆದು ಕಳಿಸು, ಭಾನುವಾರಕ್ಕೆ ಮೊದಲು ಬರುವ ಹಾಗೆ. ತಾರೀಖು ಹದಿನೆಂಟು ಎಂದು ಹಾಕು, ಇವತ್ತು ಇಲ್ಲಿ ತಲುಪಿದ್ದು ಎಂದು ಕಾಣಲಿ. ಮೊದಲ ಸಾಲಿನಲ್ಲಿ ಹೆಪ್ಪು ಹೇಗಿದೆ ಎಂದು ಕೇಳು.